ಗಣಕಕ್ಕೆ ಕನ್ನಡವು ಐಚ್ಛಿಕವೆ?

ಮದುವೆಯ ಮನೆಗೆ ಬಂದಿಳಿದ ಅನುಭವಸ್ಥನಾದ ಅಡಿಗೆಯವನು ಒಲೆ ಹೊತ್ತಿಸುವುದಕ್ಕೆ ಮೊದಲು ಉಗ್ರಾಣವನ್ನು ಹೊಕ್ಕು ನೋಡುತ್ತಾನೆ. ಕೊಪ್ಪರಿಗೆಯಿದೆಯೆಂದು ಮನೆಯವರು ಹೇಳಿದರೆ ಅವನಿಗೆ ಸಾಲದು. ಅದಕ್ಕೆ ನೀರು ಹೊಯ್ದು, ಸೋರುವುದೋ ಇಲ್ಲವೋ ಎಂಬುದನ್ನು ತಾನೇ ಪರೀಕ್ಷಿಸುತ್ತಾನೆ. ಹುಣಿಸೆಹಣ್ಣು ಇಲ್ಲವೆಂದು ಕಂಡರೆ ಯಜಮಾನನನ್ನು ಕರೆದು ಆಗಲೇ ಹೇಳಿಬಿಡುತ್ತಾನೆ. ಹುಣಿಸೆಯಿಲ್ಲದೆ ಸಾರು ಮಾಡಿ, ಒಂದು ಮಾತನ್ನೂ ಆಡದೆ ಪಂಕ್ತಿಗೆ ಬಡಿಸುವವನನ್ನು ಯಾರೂ ಎರಡನೆಯ ಸಲ ಕರೆಯುವುದಿಲ್ಲ. ಗಣಕಯಂತ್ರದ ಲೋಕದಲ್ಲಿ ಈ ಅಡಿಗೆಯವನ ಕೆಲಸವನ್ನು ಮಾಡುವ ಸಾಧನವೊಂದುಂಟು. ಅದು ಕೆಲವೊಮ್ಮೆ ಹುಣಿಸೆಯಿಲ್ಲದ ಸಾರನ್ನು ಮೌನವಾಗಿ ಬಡಿಸುತ್ತದೆಂಬುದೂ, ಹಾಗೆ ಬಡಿಸಿದಾಗ ಕೆಡುವುದು ಕನ್ನಡದಂತಹ ಲಿಪಿಗಳ ಊಟವೆಂಬುದೂ ನಮ್ಮ ಈ ಲೇಖನದ ವಿಷಯ.

ತಂತ್ರಾಂಶವನ್ನು ರಚಿಸುವವರು ಅದನ್ನು ಮನುಷ್ಯರು ಓದಬಲ್ಲ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಾರೆ. ‘ಸಿ’ ಎಂಬುದು ಅಂತಹ ಒಂದು ಭಾಷೆ. ಹಾಗೆ ಬರೆದುದನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತರುವ ತಂತ್ರಾಂಶಕ್ಕೆ ಕಂಪೈಲರ್ ಎಂದು ಹೆಸರು. ರಚಿಸುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಚಿತ್ರವನ್ನು ಬಿಚ್ಚುವುದಕ್ಕೊಂದು, ಅಕ್ಷರವನ್ನು ಮೂಡಿಸುವುದಕ್ಕೊಂದು ಎಂಬಂತೆ ಇತರರು ಸಿದ್ಧಪಡಿಸಿಟ್ಟ ಲೈಬ್ರರಿಗಳನ್ನು ಆಶ್ರಯಿಸುತ್ತಾರೆ. ಆದರೆ ಎಲ್ಲ ಗಣಕಗಳೂ ಒಂದೇ ತೆರನಾಗಿರುವುದಿಲ್ಲ. ಒಂದರಲ್ಲಿ ಕಂಪೈಲರಿನ ಹೆಸರು ಬೇರೆ. ಮತ್ತೊಂದರಲ್ಲಿ ಲೈಬ್ರರಿಯ ಸ್ಥಳ ಬೇರೆ. ಮೂರನೆಯದರಲ್ಲಿ ಅದು ಇರುವುದೇ ಇಲ್ಲ. ಆದುದರಿಂದ ಮೊದಲು ಎಲ್ಲವನ್ನೂ ಹುಡುಕಿ, ಪರೀಕ್ಷಿಸಿ, ಅನಂತರ ಕಟ್ಟುವ ಕೆಲಸಕ್ಕೆ ಕೈಹಾಕುವ ಒಂದು ಆಜ್ಞಾಪಟ್ಟಿಯನ್ನು ತಂತ್ರಾಂಶದೊಡನೆ ಕೊಡುವುದು ವಾಡಿಕೆಯಾಗಿದೆ. ಇದಕ್ಕೆ ಬಿಲ್ಡ್ ಸ್ಕ್ರಿಪ್ಟ್ ಎನ್ನುತ್ತಾರೆ.

ಈ ವಿದ್ಯೆಗೆ ಐವತ್ತು ವರ್ಷಗಳ ಇತಿಹಾಸವಿದೆ. 1976ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಎಂಬವರು ರಚಿಸಿದ ‘ಮೇಕ್’ ಎಂಬ ತಂತ್ರಾಂಶವು ಯಾವುದನ್ನು ಯಾವುದರ ಮೊದಲು ಕಟ್ಟಬೇಕೆಂಬ ಕ್ರಮವನ್ನು ಬಲ್ಲುದಾಗಿತ್ತು. ಆದರೆ ಗಣಕದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅರಸುವ ಶಕ್ತಿ ಅದಕ್ಕಿರಲಿಲ್ಲ. 1991ರಲ್ಲಿ ಡೇವಿಡ್ ಮೆಕೆಂಜಿ ಅವರು ಆರಂಭಿಸಿದ ‘ಆಟೋಕಾನ್ಫ್’ ಈ ಕೊರತೆಯನ್ನು ತುಂಬಿತು. ಇದರ ನೀತಿಯು ನಮ್ಮ ಅಡಿಗೆಯವನ ನೀತಿಯೇ ಸರಿ. ಕಂಪೈಲರ್ ಇದೆಯೆಂದು ಕಂಡೊಡನೆ ಅದು ತೃಪ್ತಿಪಡುವುದಿಲ್ಲ. ಕೆಲವೇ ಸಾಲುಗಳ ಪುಟ್ಟ ಕ್ರಮವಿಧಿಯೊಂದನ್ನು ತಾನೇ ಬರೆದು, ಕಂಪೈಲರಿನ ಕೈಗೆ ಕೊಟ್ಟು, ಕೆಲಸವು ನಡೆಯಿತೇ ಎಂದು ನೋಡುತ್ತದೆ. ಹೆಸರನ್ನು ನಂಬದೆ ಕೆಲಸವನ್ನು ನಂಬುವುದೇ ಇದರ ಹಿರಿಮೆ. ಮಾಡಿದ ಪ್ರತಿಯೊಂದು ಪರೀಕ್ಷೆಯನ್ನೂ ಒಂದು ಕಡತದಲ್ಲಿ ದಿನಚರಿಯಂತೆ ಬರೆದಿಡುವ ಶಿಸ್ತೂ ಇದಕ್ಕುಂಟು. ಅನಂತರ ಬಂದ ಸಿಮೇಕ್, ಮೆಸಾನ್ ಮೊದಲಾದುವೂ ಈ ದಾರಿಯಲ್ಲಿಯೇ ಮುಂದುವರಿದಿವೆ.

ಲೈಬ್ರರಿಯನ್ನು ಹುಡುಕುವುದರಲ್ಲಿ ಹೊಸಬರನ್ನು ದಿಗಿಲುಗೊಳಿಸುವ ಒಂದು ತೊಡಕಿದೆ. ‘ಲೈಬ್ರರಿ ನಮ್ಮ ಗಣಕದಲ್ಲಿ ಇದ್ದೇ ಇದೆ, ಆದರೂ ಸಿಗಲಿಲ್ಲವೆಂದು ಸ್ಕ್ರಿಪ್ಟ್ ಹೇಳುತ್ತಿದೆಯಲ್ಲ’ ಎಂದು ಅವರು ಕೇಳುವುದುಂಟು. ಉತ್ತರವು ಸರಳವಾಗಿದೆ. ಸಿದ್ಧವಾದ ತಂತ್ರಾಂಶವನ್ನು ನಡೆಸುವುದಕ್ಕೆ ಲೈಬ್ರರಿಯಷ್ಟೇ ಸಾಕು. ಹೊಸದಾಗಿ ಕಟ್ಟುವುದಕ್ಕಾದರೋ ಆ ಲೈಬ್ರರಿಯಲ್ಲಿ ಏನೇನಿದೆಯೆಂದು ಕಂಪೈಲರಿಗೆ ತಿಳಿಸುವ ಹೆಡರ್ ಕಡತಗಳೂ ಬೇಕು. ಡೆಬಿಯನ್ ಮೊದಲಾದ ಲಿನಕ್ಸ್ ವಿತರಣೆಗಳಲ್ಲಿ ಇವೆರಡೂ ಬೇರೆಬೇರೆ ಕಟ್ಟುಗಳಾಗಿ ಬರುತ್ತವೆ. ಎರಡನೆಯದರ ಹೆಸರಿನ ಕೊನೆಯಲ್ಲಿ ‘ಡೆವ್’ ಎಂಬ ಗುರುತಿರುತ್ತದೆ. ಮನೆಯಲ್ಲಿ ಔಷಧವಿದ್ದು, ಹೇಗೆ ಕೊಡಬೇಕೆಂಬ ಚೀಟಿಯು ಇಲ್ಲದಂತೆ ಇದರ ಸ್ಥಿತಿ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಹುಡುಕಿದ ವಸ್ತುವು ಸಿಗದಿದ್ದರೆ ಸ್ಕ್ರಿಪ್ಟ್ ಏನು ಮಾಡತಕ್ಕದ್ದು? ದಾರಿಗಳು ಎರಡು. ಇಂಥದು ಸಿಗಲಿಲ್ಲವೆಂದು ಹೇಳಿ ನಿಂತುಬಿಡುವುದು ಒಂದು. ಆ ವಸ್ತುವನ್ನು ಬಳಸುವ ಭಾಗವನ್ನಷ್ಟೇ ಕೈಬಿಟ್ಟು ಉಳಿದುದನ್ನು ಕಟ್ಟಿ ಮುಗಿಸುವುದು ಇನ್ನೊಂದು. ಮೊದಲ ವರ್ಗದ ಲೈಬ್ರರಿಗಳನ್ನು ಅವಶ್ಯವೆಂದೂ ಎರಡನೆಯ ವರ್ಗದವನ್ನು ಐಚ್ಛಿಕವೆಂದೂ ಕರೆಯುತ್ತಾರೆ. ಯಾವುದು ಅವಶ್ಯ, ಯಾವುದು ಐಚ್ಛಿಕ ಎಂಬ ಈ ತೀರ್ಮಾನವು ಕೇವಲ ತಾಂತ್ರಿಕವಾದುದೆಂದು ತೋರಬಹುದು. ಹಾಗಲ್ಲವೆಂಬುದನ್ನು ರಾಯಚೂರು ಸೀಮೆಯ ಮೂರು ಊರುಗಳ ಹೆಸರುಗಳಿಂದಲೇ ತೋರಿಸಬಹುದು.

ಯರಗೇರಾ, ಮಾನ್ವಿ, ದೇವದುರ್ಗ: ಇವೇ ಆ ಮೂರು ಹೆಸರುಗಳು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಪಡಿಸಿರುವ ಯೂನಿಕೋಡಿನಲ್ಲಿ ಕನ್ನಡವು ಅದರ ಮೊದಲ ಆವೃತ್ತಿ ಹೊರಟ 1991ರಿಂದಲೇ ಸೇರಿದೆ. ಆದರೆ ಅದರಲ್ಲಿ ಶೇಖರವಾಗುವುದು ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆಗಳ ಸಾಲು ಮಾತ್ರ; ನಾವು ಕಣ್ಣಿನಿಂದ ಕಾಣುವ ಕೂಡಿದ ಅಕ್ಷರವಲ್ಲ. ‘ಯರಗೇರಾ’ ಎಂಬುದರ ‘ಗೇ’ ಆಗಬೇಕಾದರೆ ಗಕಾರದ ತಲೆಕಟ್ಟು ಹೋಗಿ ಏತ್ವವು ಅದರೊಡನೆ ಬೆಸೆಯಬೇಕು. ‘ಮಾನ್ವಿ’ಯಲ್ಲಿ ವಕಾರವು ಒತ್ತಾಗಿ ಕೆಳಗಿಳಿಯಬೇಕು, ಅಷ್ಟೇ ಅಲ್ಲದೆ ಅದರ ಅನಂತರ ಶೇಖರವಾಗಿರುವ ಗುಡಿಸು ಹಿಂದಕ್ಕೆ ಸರಿದು ನಕಾರದ ತಲೆಯನ್ನು ಏರಬೇಕು. ‘ದೇವದುರ್ಗ’ದಲ್ಲಿ ಮೊದಲು ಉಚ್ಚರಿಸುವ ರೇಫವು ಅರ್ಕಾವೊತ್ತಾಗಿ ಗಕಾರದ ಬಲಕ್ಕೆ ಬರಬೇಕು. ಈ ಜೋಡಣೆಯನ್ನೆಲ್ಲ ಮಾಡುವುದು ‘ಹಾರ್ಫ್‌ಬಝ್’ ಎಂಬ ಲೈಬ್ರರಿ. ಅದು ಇಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ, ವಿರಾಮಚಿಹ್ನೆಗಳು ಬಯಲಿಗೆ ಬಿದ್ದು, ಊರಿನ ಹೆಸರು ಓದಲಾಗದಂತೆ ವಿಕಾರವಾಗುತ್ತದೆ. ಇಂಗ್ಲಿಷಿನ ಅಕ್ಷರಗಳಿಗಾದರೋ ಇಂತಹ ಜೋಡಣೆಯ ಅಗತ್ಯವಿಲ್ಲ. ಒಂದರ ಪಕ್ಕದಲ್ಲಿ ಒಂದನ್ನು ಇಟ್ಟರೆ ಅವು ಓದಲು ಬರುತ್ತವೆ.

ಪೈಥಾನ್ ಭಾಷೆಯಲ್ಲಿ ಚಿತ್ರಗಳನ್ನು ರಚಿಸುವವರು ಬಹಳವಾಗಿ ಬಳಸುವ ‘ಪಿಲ್ಲೊ’ ಎಂಬ ಮುಕ್ತ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 2017ರಲ್ಲಿ ಅದಕ್ಕೆ ಇಂತಹ ಕೂಡಕ್ಷರದ ಲಿಪಿಗಳನ್ನು ಬರೆಯುವ ಶಕ್ತಿ ಬಂದಿತು. ಇದಕ್ಕಾಗಿ ಅದು ‘ರಕಮ್’ ಎಂಬ ಲೈಬ್ರರಿಯನ್ನು ಆಶ್ರಯಿಸುತ್ತದೆ. ಅರಬ್ಬೀ ಭಾಷೆಯಲ್ಲಿ ಈ ಪದಕ್ಕೆ ಬರವಣಿಗೆ, ಅಂಕಿ ಎಂಬ ಅರ್ಥಗಳುಂಟು. ನಮ್ಮ ಲೆಕ್ಕದ ಪುಸ್ತಕಗಳ ‘ರಕಮು’ ಇದರ ನಂಟೇ. ರಕಮ್ ತನ್ನ ಕೆಲಸಕ್ಕೆ ಹಾರ್ಫ್‌ಬಝ್ ಲೈಬ್ರರಿಯನ್ನೂ, ಉರ್ದುವಿನಂತೆ ಬಲದಿಂದ ಎಡಕ್ಕೆ ಸಾಗುವ ಬರಹವನ್ನು ನೋಡಿಕೊಳ್ಳುವ ‘ಫ್ರೀಬಿಡಿ’ ಮೊದಲಾದುವನ್ನೂ ಸೇರಿಸಿಕೊಳ್ಳುತ್ತದೆ. ಪಿಲ್ಲೊವನ್ನು ಆಕರದಿಂದ ಕಟ್ಟುವಾಗ ಜೆಪೆಗ್ ಚಿತ್ರಗಳ ಲೈಬ್ರರಿಯು ಸಿಗದಿದ್ದರೆ ಸ್ಕ್ರಿಪ್ಟ್ ನಿಂತುಬಿಡುತ್ತದೆ. ರಕಮ್ ಸಿಗದಿದ್ದರೆ ನಿಲ್ಲುವುದಿಲ್ಲ. ಜೆಪೆಗ್ ಅವಶ್ಯ, ರಕಮ್ ಐಚ್ಛಿಕ. ಅಂದರೆ, ಕನ್ನಡವನ್ನು ಬರೆಯುವವನ ಪಾಲಿಗೆ, ಅವನ ಲಿಪಿಯೇ ಐಚ್ಛಿಕ.

ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿರುವ ಯರಗೇರಾದಲ್ಲಿ ಇಂದು ವಿಶ್ವವಿದ್ಯಾಲಯದ ಆವರಣವಿದೆ. ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ತನ್ನ ಹಳೆಯ ಗಣಕದಲ್ಲಿ ಪಿಲ್ಲೊವನ್ನು ಕಟ್ಟಿಕೊಂಡು, ಸುತ್ತಲಿನ ಶಾಲೆಯ ಮಕ್ಕಳಿಗೆ ಊರು, ಹೆಸರುಗಳಿರುವ ಗುರುತಿನ ಚೀಟಿಗಳನ್ನು ರಚಿಸಲು ಹೊರಟಳೆಂದು ಭಾವಿಸೋಣ. ರಕಮ್ ಸಿಗಲಿಲ್ಲವೆಂದು ಸ್ಕ್ರಿಪ್ಟ್ ತನ್ನ ವರದಿಯಲ್ಲಿ ಬರೆದಿರುತ್ತದೆ, ನಿಜ. ಆದರೆ ಅದನ್ನು ನಡೆಸುವ ‘ಪಿಪ್’ ಎಂಬ ಸ್ಥಾಪನಾ ತಂತ್ರಾಂಶವು ಕಟ್ಟುವಿಕೆಯು ಮುಗಿದರೆ ಆ ವರದಿಯನ್ನು ಸಾಮಾನ್ಯವಾಗಿ ತೆರೆಯ ಮೇಲೆ ತೋರಿಸುವುದಿಲ್ಲ. ಯಾವ ವಿನ್ಯಾಸವೆಂದು ಆಕೆ ಹೇಳದಿದ್ದರೆ ಪಿಲ್ಲೊ ತಾನಾಗಿಯೇ ಜೋಡಣೆಯಿಲ್ಲದ ಮೂಲ ವಿನ್ಯಾಸವನ್ನು ಆರಿಸಿಕೊಳ್ಳುತ್ತದೆ. ಕೆಲಸವು ಯಶಸ್ವಿಯಾಯಿತೆಂಬ ಸಂದೇಶ ಬರುತ್ತದೆ. ಚೀಟಿಯಲ್ಲಿ ದೇವದುರ್ಗವು ಮುರಿದುಬಿದ್ದಿರುತ್ತದೆ. ಆಕೆ ಮೊದಲು ಅಕ್ಷರಶೈಲಿಯನ್ನು ಬದಲಾಯಿಸುತ್ತಾಳೆ. ಅನಂತರ ತಾನು ಬೆರಳಚ್ಚಿಸಿದುದೇ ತಪ್ಪಿರಬೇಕೆಂದು ಶಂಕಿಸುತ್ತಾಳೆ. ಕಡೆಗೆ, ಗಣಕಕ್ಕೆ ಕನ್ನಡವು ಒಗ್ಗುವುದಿಲ್ಲವೆಂದು ತೀರ್ಮಾನಿಸಿ ಚೀಟಿಗಳನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸುತ್ತಾಳೆ. ಒಂದು ಕಟ್ಟಿನ ಕೊರತೆಯು ಒಂದು ಭಾಷೆಯ ಕೊರತೆಯಾಗಿ ಕಂಡಿತು. ಮೌನದಿಂದಾಗುವ ಹಾನಿಯೆಂದರೆ ಇದೇ.

ಸಿದ್ಧಪಡಿಸಿದ ಕಟ್ಟುಗಳಿಂದ ಈ ತೊಂದರೆಯು ಬಹುಮಟ್ಟಿಗೆ ಕಡಿಮೆಯಾಗಿದೆಯೆಂಬುದನ್ನು ಒಪ್ಪಬೇಕು. 2021ರಲ್ಲಿ ಬಂದ ಪಿಲ್ಲೊವಿನ 8.2ನೆಯ ಆವೃತ್ತಿಯ ಸಿದ್ಧ ಕಟ್ಟುಗಳಲ್ಲಿ ರಕಮ್ ಒಳಗೇ ಸೇರಿತ್ತು. ಆದರೆ ಫ್ರೀಬಿಡಿಯನ್ನು ಮಾತ್ರ ನಡೆಯುವ ಹೊತ್ತಿನಲ್ಲಿ ಗಣಕದಲ್ಲಿ ಹುಡುಕಿಕೊಳ್ಳುವ ಏರ್ಪಾಡಿತ್ತು. ಕನ್ನಡವು ಎಡದಿಂದ ಬಲಕ್ಕೆ ಸಾಗುವ ಲಿಪಿ. ಆದರೂ ಉರ್ದುವಿಗೆ ಬೇಕಾದ ಆ ಉಪಕರಣವು ಸಿಗದಿದ್ದರೆ ರಕಮ್ ನಡೆಯದೆ ಕನ್ನಡವೂ ಕೆಡುವುದು. ಕನ್ನಡ, ತೆಲುಗು, ಉರ್ದು ಮೂರನ್ನೂ ಕೇಳುತ್ತ ಬೆಳೆಯುವ ರಾಯಚೂರಿನ ಜನರಿಗೆ, ಒಬ್ಬರ ಲಿಪಿಯ ಕ್ಷೇಮವು ಇನ್ನೊಬ್ಬರದರೊಡನೆ ಹೆಣೆದುಕೊಂಡಿದೆಯೆಂಬುದು ವಿಚಿತ್ರವಾಗಿ ತೋರಲಾರದು.

ಇದು ಒಂದು ತಂತ್ರಾಂಶದ ಕಥೆ ಮಾತ್ರವಲ್ಲ. ಅಚ್ಚಾದ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ‘ಟೆಸೆರಾಕ್ಟ್’ 2005ರಲ್ಲಿ ಮುಕ್ತ ತಂತ್ರಾಂಶವಾಯಿತು. ಕನ್ನಡವನ್ನು ಓದುವ ದತ್ತಾಂಶವೂ ಅದಕ್ಕುಂಟು. ಅದನ್ನು ಆಟೋಕಾನ್ಫಿನ ಮೂಲಕ ಕಟ್ಟುವಾಗ ಚಿತ್ರಸಂಸ್ಕರಣೆಯ ‘ಲೆಪ್ಟೋನಿಕ’ ಇಲ್ಲದಿದ್ದರೆ ಸ್ಕ್ರಿಪ್ಟ್ ನಿಲ್ಲುತ್ತದೆ. ‘ಪ್ಯಾಂಗೊ’ ಮೊದಲಾದ ಅಕ್ಷರಜೋಡಣೆಯ ಲೈಬ್ರರಿಗಳು ಇಲ್ಲದಿದ್ದರೆ, ತರಬೇತಿಯ ಉಪಕರಣಗಳನ್ನು ಕಟ್ಟಲಾಗುವುದಿಲ್ಲವೆಂಬ ಎಚ್ಚರಿಕೆಯನ್ನು ಅಚ್ಚಿಸಿ ಮುಂದಕ್ಕೆ ಸಾಗುತ್ತದೆ. ಅಂದರೆ ಯಾರೋ ಕಲಿಸಿಟ್ಟುದನ್ನು ಬಳಸಬಹುದು. ನಮ್ಮ ಹಳೆಯ ಅಚ್ಚುಮೊಳೆಗಳ ಪುಸ್ತಕಗಳನ್ನು ಓದುವುದಕ್ಕೆ ನಾವೇ ಅದಕ್ಕೆ ಕಲಿಸಲಾಗದು. ಇಲ್ಲಿ ಎಚ್ಚರಿಕೆಯಾದರೂ ಇದೆ, ಸಂತೋಷ. ಆದರೆ ನೂರಾರು ಸಾಲುಗಳ ನಡುವೆ ಹರಿದುಹೋಗುವ ಒಂದು ಸಾಲನ್ನು ಎಷ್ಟು ಮಂದಿ ಗಮನಿಸುವರು?

ಮೌನವು ಮೋಸಕ್ಕೂ ಆಸರೆಯಾಗಬಲ್ಲುದೆಂಬುದಕ್ಕೆ 2024ರ ಒಂದು ಘಟನೆಯು ಸಾಕ್ಷಿ. ಕಡತಗಳನ್ನು ಸಂಕೋಚಿಸುವ ‘ಎಕ್ಸ್‌ಝೆಡ್’ ಎಂಬ ತಂತ್ರಾಂಶದಲ್ಲಿ ಗುಪ್ತದ್ವಾರವನ್ನು ಅಡಗಿಸಿಟ್ಟಿರುವುದನ್ನು ಆಂಡ್ರೆಸ್ ಫ್ರಾಯ್ಂಡ್ ಅವರು ಆ ವರ್ಷದ ಮಾರ್ಚ್ 29ರಂದು ಪ್ರಕಟಿಸಿದರು. ಶೋಧಿಸುತ್ತ ಹೋದಾಗ ಅದರ ಬಿಲ್ಡ್ ಸ್ಕ್ರಿಪ್ಟಿನಲ್ಲಿ ಇನ್ನೊಂದು ಕುಚೋದ್ಯವು ಬೆಳಕಿಗೆ ಬಂದಿತು. ‘ಲ್ಯಾಂಡ್‌ಲಾಕ್’ ಎಂಬ ರಕ್ಷಣಾ ಸೌಲಭ್ಯವು ಗಣಕದಲ್ಲಿದೆಯೇ ಎಂದು ಪರೀಕ್ಷಿಸುವ ಪುಟ್ಟ ಕ್ರಮವಿಧಿಯಲ್ಲಿ ಒಂದೇ ಒಂದು ಚುಕ್ಕೆಯನ್ನು ಸೇರಿಸಲಾಗಿತ್ತು. ಆ ಚುಕ್ಕೆಯ ದೆಸೆಯಿಂದ ಪರೀಕ್ಷೆಯು ಎಲ್ಲ ಗಣಕಗಳಲ್ಲಿಯೂ ಸೋಲುತ್ತಿತ್ತು. ಸೌಲಭ್ಯವು ಇದ್ದರೂ ಇಲ್ಲವೆಂದೇ ಸ್ಕ್ರಿಪ್ಟ್ ಭಾವಿಸಿ ಮುಂದೆ ಹೋಗುತ್ತಿತ್ತು. ‘ಇಲ್ಲ’ ಎಂಬ ಉತ್ತರವನ್ನು ಯಾರೂ ಪ್ರಶ್ನಿಸದಿದ್ದಾಗ, ಒಂದು ಚುಕ್ಕೆಯೇ ಕಾವಲುಗಾರನನ್ನು ಮನೆಗೆ ಕಳುಹಿಸಬಲ್ಲುದು.

ನಮ್ಮ ವಾದಕ್ಕೆ ಪ್ರತಿವಾದವೂ ಇದೆ, ಅದು ಹಗುರವಾದುದಲ್ಲ. ಛಾಯಾಚಿತ್ರದ ಅಳತೆಯನ್ನಷ್ಟೇ ಬದಲಾಯಿಸುವವನಿಗೆ ಅಕ್ಷರಜೋಡಣೆಯ ಲೈಬ್ರರಿಯು ಏತಕ್ಕೆ? ಎಲ್ಲವನ್ನೂ ಅವಶ್ಯವೆಂದು ಸಾರಿದರೆ ಅಲ್ಪಶಕ್ತಿಯ ಗಣಕಗಳಲ್ಲಿ ಯಾವುದನ್ನೂ ಕಟ್ಟಲಾಗದೆ ಹೋಗುವುದಿಲ್ಲವೇ? ಈ ತಂತ್ರಾಂಶಗಳ ರಚನೆಯಲ್ಲಿ ಸಂಬಳವಿಲ್ಲದೆ ದುಡಿಯುವವರು ಬಹುಮಂದಿ. ಅವರ ಮೇಲೆ ಇನ್ನಷ್ಟು ಹೊರೆಯನ್ನು ಹೊರಿಸುವುದು ಸರಿಯೇ? ಇವು ನ್ಯಾಯವಾದ ಪ್ರಶ್ನೆಗಳು. ಆದಕಾರಣ, ಐಚ್ಛಿಕವೆಂಬ ವರ್ಗವೇ ಇರಕೂಡದೆಂದು ನಾವು ಹೇಳುವುದಿಲ್ಲ. ಬಿಟ್ಟುಹೋದುದನ್ನು ಬಚ್ಚಿಡಬಾರದೆಂಬುದಷ್ಟೇ ನಮ್ಮ ಆಗ್ರಹ.

ಇದಕ್ಕೆ ಮೂರು ಉಪಾಯಗಳನ್ನು ಸೂಚಿಸಬಹುದು. ಮೊದಲನೆಯದು ರಚಿಸುವವರಿಗೆ: ಏನನ್ನು ಬಿಟ್ಟೆವು, ಅದರಿಂದ ಬಳಸುವವನಿಗೆ ಯಾವ ಕೆಲಸವು ನಿಂತುಹೋಗುವುದು, ಯಾವ ಕಟ್ಟನ್ನು ತಂದರೆ ಸರಿಹೋಗುವುದು ಎಂಬುದನ್ನು ಸ್ಕ್ರಿಪ್ಟ್ ತನ್ನ ಕಟ್ಟಕಡೆಯಲ್ಲಿ ಹೇಳಲಿ, ಕನ್ನಡದ ಪದವನ್ನು ಜೋಡಣೆಯಿಲ್ಲದೆ ಬರೆಯುವ ಪ್ರಸಂಗವು ಬಂದಾಗ ತಂತ್ರಾಂಶವು ಮತ್ತೊಮ್ಮೆ ಹೇಳಲಿ. ಎರಡನೆಯದು ಕಟ್ಟುವವರಿಗೆ: ಮೆಸಾನಿನಲ್ಲಿ ಪ್ರತಿಯೊಂದು ಐಚ್ಛಿಕ ಸೌಲಭ್ಯಕ್ಕೂ ‘ಬೇಕೇಬೇಕು’, ‘ಬೇಡ’, ‘ಸಿಕ್ಕರೆ ಸರಿ’ ಎಂಬ ಮೂರು ಸ್ಥಿತಿಗಳಿವೆ, ಪಿಲ್ಲೊವಿಗೂ ರಕಮ್ ಬೇಕೇಬೇಕೆಂದು ಆಜ್ಞಾಪಿಸುವ ಅವಕಾಶವಿದ್ದು, ಹಾಗೆ ಹೇಳಿದರೆ ಅದು ಸಿಗದಾಗ ಕೆಲಸವು ನಿಲ್ಲುತ್ತದೆ. ಕನ್ನಡದ ಕೆಲಸಕ್ಕಾಗಿ ಗಣಕವನ್ನು ಸಿದ್ಧಪಡಿಸುವ ಅಧ್ಯಾಪಕರೂ ಕಚೇರಿಗಳೂ ‘ಸಿಕ್ಕರೆ ಸರಿ’ ಎಂಬುದನ್ನು ಒಪ್ಪಬಾರದು. ಮೂರನೆಯದು ನಮ್ಮೆಲ್ಲರಿಗೆ: ಲೈಬ್ರರಿಯ ಹೆಸರು ಪಟ್ಟಿಯಲ್ಲಿದೆಯೆಂದು ಸುಮ್ಮನಾಗದೆ, ಹೊಸ ಗಣಕದಲ್ಲಿ ‘ಯರಗೇರಾ, ಮಾನ್ವಿ, ದೇವದುರ್ಗ’ ಎಂದು ಬರೆಯಿಸಿ ಕಣ್ಣಾರೆ ನೋಡುವುದು. ಗುಣಿತ, ಒತ್ತು, ಅರ್ಕಾವೊತ್ತು ಮೂರೂ ಒಂದೇ ಸಾಲಿನಲ್ಲಿ ಪರೀಕ್ಷೆಗೊಳಗಾಗುವುವು.

ಉಗ್ರಾಣದಲ್ಲಿ ಹುಣಿಸೆಯಿಲ್ಲದಿರುವುದು ಅಪರಾಧವಲ್ಲ; ಊಟಕ್ಕೆ ಮುಂಚೆ ತಿಳಿದರೆ ಅಂಗಡಿಯಿಂದ ತರಿಸಬಹುದು. ಹಾಗೆಯೇ, ಸಿಗಲಿಲ್ಲವೆಂದು ನಿಂತುಬಿಡುವ ಸ್ಕ್ರಿಪ್ಟ್ ನಮ್ಮ ವೇಳೆಯನ್ನು ಒಂದು ಗಳಿಗೆ ಕೆಡಿಸಬಹುದು. ಸಿಗದುದನ್ನು ಮುಚ್ಚಿಟ್ಟು ಮುಗಿಸುವುದಾದರೋ ವಿದ್ಯಾರ್ಥಿನಿಯೊಬ್ಬಳಿಗೆ ತನ್ನ ನುಡಿಯಲ್ಲಿದ್ದ ವಿಶ್ವಾಸವನ್ನೇ ಕೆಡಿಸೀತು. ಇವೆರಡರಲ್ಲಿ ಯಾವ ನಷ್ಟವು ದೊಡ್ಡದೆಂಬುದನ್ನು ವಾಚಕರೇ ನಿರ್ಣಯಿಸಲಿ.