ಪಿಸಿಗೂ ಬೇಕಂತೆ ಅಂಗಡಿಯವನ ಅಪ್ಪಣೆ

ಪಿಸಿ ಎನ್ನುವುದು ಗೇಮ್ ಕನ್ಸೋಲ್ ಅಲ್ಲ ಎಂದು 2024ರ ಜೂನ್‌ನಲ್ಲಿ ಆಪಲ್ ತೀರ್ಪು ಕೊಟ್ಟಿತು. ಹೌದು ಎಂದು ಯಾರೂ ವಾದಿಸಿರಲಿಲ್ಲ ಬಿಡಿ. ಹಳೆಯ ಯಂತ್ರದ ವೇಷ ಹಾಕಿ ಆ ಕಾಲದ ಸಾಫ್ಟ್‌ವೇರನ್ನು ಇವತ್ತಿನ ಫೋನಿನಲ್ಲಿ ಓಡಿಸುವ ಎಮ್ಯುಲೇಟರುಗಳನ್ನು ಅದರ ಆಪ್ ಸ್ಟೋರ್ ವರ್ಷಗಟ್ಟಲೆ ಹತ್ತಿರ ಸೇರಿಸಿದ್ದೇ ಕಡಿಮೆ. ಆ ಏಪ್ರಿಲ್‌ನಲ್ಲಿ ನಿಯಮ ಸಡಿಲಿಸಿ, ಹಳೆಯ ವಿಡಿಯೋ ಗೇಮ್ ಯಂತ್ರಗಳ ಎಮ್ಯುಲೇಟರುಗಳಿಗಷ್ಟೇ ದಾರಿ ಬಿಟ್ಟಿತು. ಡಾಸ್ ಓಡಿಸುವ ಐಡಾಸ್ 3, ವಿಂಡೋಸನ್ನೂ ಓಡಿಸಬಲ್ಲ ಯುಟಿಎಂ ಎಸ್ಇ ಅದೇ ದಾರಿಯಲ್ಲಿ ಬಂದಾಗ ತಡೆದು ಹೇಳಿದ ಮಾತಿದು. ಜುಲೈನಲ್ಲಿ ಯುಟಿಎಂಗೆ ಒಪ್ಪಿಗೆ ಸಿಕ್ಕಿತು. ಆಗಸ್ಟ್ 1ಕ್ಕೆ ನಿಯಮದಲ್ಲೇ ಪಿಸಿಯೂ ಸೇರಿಕೊಂಡಿತು. ಯುರೋಪಿನ ಹೊಸ ಕಾನೂನು ಐಫೋನಿನಲ್ಲಿ ಬೇರೆ ಅಂಗಡಿಗಳಿಗೂ ಜಾಗ ಕೊಡಿಸಿದ ವರ್ಷವೇ ಈ ಔದಾರ್ಯ ಉಕ್ಕಿದ್ದು ಕಾಕತಾಳೀಯ ಎಂದು ನಂಬಲು ನನಗೆ ಕಷ್ಟ.

ಮಾರಿಯೋ ಆಡುವ ಹುಡುಗರ ತಕರಾರು, ನಮಗೇನು ಎನ್ನಬೇಡಿ. ಬೆಂಗಳೂರಿನ ಶಿವಾಜಿನಗರದ ಡಿಟಿಪಿ ಅಂಗಡಿಗಳನ್ನು ನೆನೆಯಿರಿ. ಒಂದೇ ಮೇಜಿನಲ್ಲಿ ಕನ್ನಡದ ಲಗ್ನಪತ್ರಿಕೆ, ತಮಿಳಿನ ಹ್ಯಾಂಡ್‌ಬಿಲ್, ಉರ್ದುವಿನ ವಲೀಮಾ ಕಾರ್ಡು. ಕನ್ನಡಕ್ಕೆ ಪುಣೆಯ ಶ್ರೀಲಿಪಿ ಸಾಫ್ಟ್‌ವೇರ್, ಉರ್ದುವಿಗೆ ದೆಹಲಿಯ ಇನ್‌ಪೇಜ್, ಪುಟ ಕಟ್ಟಲು ಪೇಜ್‌ಮೇಕರ್. ಆ ಪೇಜ್‌ಮೇಕರ್ 2001ರ 7.0 ಆವೃತ್ತಿಗೇ ನಿಂತುಹೋಯಿತು. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಕನ್ನಡ ಫಾಂಟುಗಳೋ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಅದೇ ಫಾಂಟು ಇಲ್ಲದಿದ್ದರೆ ತೆರೆಯ ಮೇಲೆ ಬರೀ ಕಲಸುಮೇಲೋಗರ.

ಬರಿಯ ಪಠ್ಯವಾದರೆ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ನಿಜ. ಪುಟವಿನ್ಯಾಸಕ್ಕೆ ಅವು ಸಾಲವು. ಕ್ಯಾಂಟೋನ್ಮೆಂಟಿನ ಮೂರು ಭಾಷೆಗಳ ಸಣ್ಣ ಮುದ್ರಣ ಇಂಥ ಫೈಲುಗಳಲ್ಲಿದೆ: ಸೇಂಟ್ ಮೇರಿ ಬೆಸಿಲಿಕಾದ ಸೆಪ್ಟೆಂಬರ್ ಹಬ್ಬದ ಕರಪತ್ರ, ಹಲಸೂರು ಸೋಮೇಶ್ವರನ ಉತ್ಸವದ ಪತ್ರಿಕೆ. ಗ್ರಂಥಾಲಯ ಇವನ್ನು ಕೂಡಿಡುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಗುಜರಿಗೆ ಹೋದ ದಿನ ಎಲ್ಲವೂ ಹೋಯಿತು. ಉಳಿದರೂ ತೆರೆಯಲು ಹೆಚ್ಚಾಗಿ ಹಳೆಯ ವಿಂಡೋಸ್ ಬೇಕು. ಈಗಿನ ಎಷ್ಟೋ ಹುಡುಗರಿಗೆ ಕಂಪ್ಯೂಟರ್ ಎಂದರೆ ಕೈಯಲ್ಲಿರುವ ಫೋನೇ; ಹಳೆಯ ವಿಂಡೋಸ್ ಓಡಬೇಕಾದದ್ದೂ ಅದರಲ್ಲೇ.

ಒಪ್ಪಿಗೆ ಸಿಕ್ಕಿತಲ್ಲ, ಇನ್ನೇನು ಎಂದರೆ, ಸಿಕ್ಕಿದ್ದು ಅರೆಮನಸ್ಸಿನ ಒಪ್ಪಿಗೆ. ಹಳೆಯ ಪ್ರೊಸೆಸರಿನ ಆದೇಶಗಳನ್ನು ಹೊಸದರ ಭಾಷೆಗೆ ಓಡುತ್ತಿರುವಾಗಲೇ ಕಂತೆಕಂತೆಯಾಗಿ ತಿರುಗಿಸಿಕೊಂಡರೆ ಎಮ್ಯುಲೇಟರ್ ಚುರುಕಾಗುತ್ತದೆ. ಆಪ್ ಸ್ಟೋರ್ ಆ ತಂತ್ರಕ್ಕೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಯುಟಿಎಂ ಎಸ್ಇ ಒಂದೊಂದೇ ಆದೇಶ ಓದಿ ಒಂದೊಂದನ್ನೇ ನಡೆಸುತ್ತದೆ, ಕೂಡಿಸಿ ಓದುವ ಒಂದನೇ ಕ್ಲಾಸಿನ ಮಗುವಿನಂತೆ. ಫೋನಿನ ಚಿಪ್ಪಿಗೆ ಶಕ್ತಿಯಿದೆ, ಮಾಲೀಕನಿಗೆ ಅದನ್ನು ಬಳಸುವ ಹಕ್ಕಿಲ್ಲ. ಆಪ್ ವೈರಸ್ ತರುತ್ತದೋ, ದುಡ್ಡು ಕದಿಯುತ್ತದೋ ಎಂದು ಅಂಗಡಿ ಜಾಲಾಡಲಿ, ಬೇಕಾದ್ದೇ. ಒಳಗೆ ಓಡುವುದು ಆಟವೋ ಪೇಜ್‌ಮೇಕರೋ ಎನ್ನುವ ವಿಚಾರಣೆ ಅದಕ್ಕೇಕೆ?

ನಮ್ಮಲ್ಲಿ ಬಹುಪಾಲು ಜನರದು ಆಂಡ್ರಾಯ್ಡ್. ಅಲ್ಲಿ ಎಮ್ಯುಲೇಟರುಗಳು ಮೊದಲಿಂದಲೂ ಇವೆ, ಪ್ಲೇ ಸ್ಟೋರ್ ಬೇಡವೆಂದರೂ ಹೊರಗಿನಿಂದ ಹಾಕಿಕೊಳ್ಳಬಹುದು. ಆದರೆ ಹೊರಗಿನ ಆಪ್‌ಗಳನ್ನು ಮಾಡಿದವರೂ ತನ್ನಲ್ಲಿ ಗುರುತು ನೋಂದಾಯಿಸಬೇಕು ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಘೋಷಿಸಿತು. ಬಿಡುವಿನಲ್ಲಿ ಪುಕ್ಕಟೆ ಆಪ್ ಬರೆಯುವವರು ತಕರಾರೆತ್ತಿದ ಮೇಲೆ, ಅನುಭವಿಗಳಿಗೆ ಪ್ರತ್ಯೇಕ ದಾರಿ ಬಿಡುತ್ತೇನೆ ಎಂದಿತು. ಭಾರತದ ಸ್ಪರ್ಧಾ ಆಯೋಗ 2022ರಲ್ಲಿ ಪ್ಲೇ ಸ್ಟೋರ್ ವಿಚಾರವಾಗಿ ಗೂಗಲ್‌ಗೆ 936 ಕೋಟಿ ದಂಡ ಹಾಕಿತ್ತು. ಅಲ್ಲಿನ ಜಗಳ ಹಣ ಪಾವತಿಯ ನಿಯಮಗಳದ್ದು. ಹಳೆಯ ಫೈಲಿನವನಿಗೆ ವಕೀಲರಿಲ್ಲ.

ಅಂಗಡಿ ಬಾಗಿಲು ಪೂರ್ತಿ ತೆರೆದರೂ ಒಳಗೆ ಓಡಿಸಲು ಮೂಲ ಸಾಫ್ಟ್‌ವೇರ್ ಬೇಕಲ್ಲ. ಎಮ್ಯುಲೇಟರ್ ಒದಗಿಸುವ ಸಾಫ್ಟ್‌ವೇರಿಗೆ ಎಮ್ಯುಲೇಟರ್ ಮಾಡಿದವನೇ ಹೊಣೆ ಎನ್ನುತ್ತದೆ ಆಪಲ್ ನಿಯಮ. ನ್ಯಾಯವೇ. ಶ್ರೀಲಿಪಿಗೆ ಡಾಂಗಲ್ ಎಂಬ ಬೀಗದ ಕಾವಲು ಬೇರೆ: ಕಂಪ್ಯೂಟರಿನ ಹಿಂಬದಿಗೆ ಅದನ್ನು ಸಿಕ್ಕಿಸಬೇಕಿತ್ತು, ಫೋನಿನಲ್ಲಿ ಎಲ್ಲಿ ಸಿಕ್ಕಿಸುತ್ತೀರಿ? ಖಾಸಗಿಯವರನ್ನು ಒಪ್ಪಿಸಲು ಕಾಲ ಹಿಡಿದೀತು. ಆದರೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ಕನ್ನಡ ಸಾಫ್ಟ್‌ವೇರ್ ‘ನುಡಿ’ಗೆ ಕರ್ನಾಟಕ ಸರ್ಕಾರದ್ದೇ ಬೆಂಬಲವಿತ್ತು. ಅದರ ಹಳೆಯ ಆವೃತ್ತಿಗಳನ್ನೂ ಫಾಂಟುಗಳನ್ನೂ ಎಮ್ಯುಲೇಟರಿನಲ್ಲಿ ಬಳಸಲು, ಹಂಚಲು ಲಿಖಿತ ಅನುಮತಿ ಕೊಟ್ಟು ಒಂದು ಕಡೆ ಇಡುವುದಕ್ಕೆ ಕ್ಯುಪರ್ಟಿನೋದ ಆಪಲ್ ಕಚೇರಿಯ ಅಪ್ಪಣೆಯೇನೂ ಬೇಕಿಲ್ಲ.