ಲೈಬ್ರರಿ ಬಳಸಿ, ವೋಚಿಂಗ್ ಮರೀಬೇಡಿ (ಬಿಕಾಂ ಹುಡುಗಿಯ ಕೋಡಿಂಗ್ ಕಥೆ, ಭಾಗ 4)

ಹೋದ ಪೋಸ್ಟ್‌ಗೆ ಒಬ್ಬರು ಮೆಸೇಜ್ ಮಾಡಿದ್ರು: "ರೆಡಿಮೇಡ್ ಲೈಬ್ರರಿ ಹಾಕ್ಕೊಂಡು ಎರಡು ಸಾಲು ಬರೆದ್ರೆ ಅದನ್ನ ಕೋಡಿಂಗ್ ಅಂತಾರಾ? ಎಲ್ಲಾ ಸ್ವಂತ ಬರೀಬೇಕು." ಉತ್ತರ ಉದ್ದ ಆಯ್ತು, ಅದಕ್ಕೆ ಇಲ್ಲೇ ಹಾಕ್ತಿದ್ದೀನಿ.

ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ನಮ್ಮ ಸೋದರಮಾವಂದು ಹಾರ್ಡ್‌ವೇರ್ ಅಂಗಡಿ. ಕಳೆದ ವರ್ಷ, ಅಂದ್ರೆ 2025ರ ಯುಗಾದಿ ಆದ್ಮೇಲೆ, "ಪುಟ್ಟಿ, ಬಿಲ್ಲಿಂಗ್ ಕಂಪ್ಯೂಟರಲ್ಲಿ ಎಲ್ಲಾ ಇದೆ, ಯಾವ ಸಾಮಾನು ಎಷ್ಟು ಹೋಗ್ತಿದೆ ನೋಡಿ ಹೇಳಮ್ಮ" ಅಂದ್ರು. ಏಪ್ರಿಲ್ 1ರಿಂದ 7ರವರೆಗಿನ ಬಿಲ್‌ಗಳನ್ನ ಸಿಎಸ್‌ವಿ ಫೈಲ್ ಮಾಡಿ ಕೊಟ್ರು. ಸಿಎಸ್‌ವಿ ಅಂದ್ರೆ ಏನು, ಕಾಮಾ ಹಾಕಿ ಬೇರೆ ಮಾಡಿದ ಸಾಲುಗಳು, ಅಷ್ಟೇ ತಾನೆ? ಕಾಮಾ ಕಂಡಲ್ಲಿ ಕತ್ತರಿಸಿದ್ರೆ ಆಯ್ತು ಅಂತ ಪೈಥಾನ್‌ನಲ್ಲಿ ಸ್ವಂತ ಬರೆಯೋಕೆ ಕೂತೆ.

ಮೊದಲ ಏಟು: ಸಾಮಾನಿನ ಹೆಸರು "ನಟ್, ಬೋಲ್ಟ್". ಹೆಸರಿನ ಒಳಗೇ ಕಾಮಾ! ಬೋಲ್ಟ್ ಹೋಗಿ ಕ್ವಾಂಟಿಟಿ ಕಾಲಮ್‌ನಲ್ಲಿ ಕೂತಿತ್ತು. ಮೊತ್ತ 1,250 ಅಂತ ಇದ್ದಲ್ಲಿ ಒಂದು ರೂಪಾಯಿ ಒಂದು ಕಡೆ, ಇನ್ನೂರೈವತ್ತು ಇನ್ನೊಂದು ಕಡೆ. ಕೊಟೇಶನ್ ಮಾರ್ಕ್ ಒಳಗಿನ ಕಾಮಾ ಮುಟ್ಟಬೇಡ ಅಂತ ಇನ್ನಷ್ಟು ಸಾಲು ಸೇರಿಸಿದೆ. ಆಮೇಲೆ ಬಂತು ಪೈಪು. ಅರ್ಧ ಇಂಚಿನ ಪೈಪಿಗೆ ಇಂಚಿನ ಗುರುತು ಹಾಕ್ತಾರಲ್ಲ, ಅದೂ ಕೊಟೇಶನ್ ಮಾರ್ಕೇ! ಎರಡು ರಾತ್ರಿ ಹೋಯ್ತು ಗುರು. ಲೆಕ್ಕ ಇನ್ನೂ ಶುರುನೇ ಆಗಿರಲಿಲ್ಲ.

ಮೂರನೇ ದಿನ ಪಾಂಡಾಸ್ ಲೈಬ್ರರಿ ಹಾಕಿದೆ. ಫೈಲ್ ಓದೋಕೆ ಒಂದೇ ಸಾಲು. ನಟ್ಟು, ಬೋಲ್ಟು, ಪೈಪು ಎಲ್ಲಾ ಅವರವರ ಜಾಗದಲ್ಲಿ ಬಂದು ಕೂತ್ರು. ನನಗೆ ಎದುರಾದ ತೊಂದರೆ ನನಗಿಂತ ಮುಂಚೆ ಸಾವಿರಾರು ಜನರಿಗೆ ಎದುರಾಗಿದೆ, ಅವರು ಬಗೆಹರಿಸಿ ಪುಕ್ಕಟೆ ಇಟ್ಟಿದ್ದಾರೆ. ಅದನ್ನ ಬಳಸೋಕೆ ನಾಚಿಕೆ ಯಾಕೆ? ನಾವು ಕ್ಯಾಲ್ಕ್ಯುಲೇಟರ್ ತಯಾರಿಸಿ ಆಮೇಲೆ ಅಕೌಂಟ್ಸ್ ಪರೀಕ್ಷೆ ಬರೀತೀವಾ?

ಖುಷಿಯಲ್ಲಿ ತಿಂಗಳವಾರು ವ್ಯಾಪಾರದ ಗ್ರಾಫ್ ಮಾಡಿ ಮಾವನಿಗೆ ವಾಟ್ಸಾಪ್ ಕಳಿಸಿದೆ. ಫೋನೇ ಬಂತು. "ಏನೇ ಪುಟ್ಟಿ, ಜುಲೈ ಇನ್ನೂ ಬಂದೇ ಇಲ್ಲ, ಜುಲೈ ವ್ಯಾಪಾರ ತೋರಿಸ್ತಿದೀಯಲ್ಲೇ?"

ನೋಡಿದ್ರೆ, ಫೈಲ್‌ನಲ್ಲಿದ್ದ 01/04/2025ನ್ನ ಪಾಂಡಾಸ್ ಅಮೆರಿಕದ ಥರ ತಿಂಗಳು ಮೊದಲು ಅಂತ ಓದಿ ಜನವರಿ 4 ಮಾಡಿತ್ತು. 02/04 ಫೆಬ್ರವರಿ 4 ಆಯ್ತು, 07/04 ಜುಲೈ 4 ಆಯ್ತು. ಒಂದು ವಾರದ ವ್ಯಾಪಾರ ಏಳು ತಿಂಗಳಿಗೆ ಹರಡಿತ್ತು. ತಮಾಷೆ ಏನಂದ್ರೆ ಒಟ್ಟು ಮೊತ್ತ ಪೈಸೆ ಸಮೇತ ಸರಿ ಇತ್ತು! ಟೋಟಲ್ ತಾಳೆ ಆಯ್ತು ಅಂತ ನಾನು ಹಾಯಾಗಿದ್ದೆ. ಏಪ್ರಿಲ್ ಹೆಸರಲ್ಲಿ ಉಳಿದಿದ್ದು 4ನೇ ತಾರೀಖಿನ ವ್ಯಾಪಾರ ಮಾತ್ರ. ಅದೇ ಹಳೇ ವರ್ಷದ ಫೈಲ್ ಆಗಿದ್ದಿದ್ರೆ ಜುಲೈ ನೋಡಿ ಯಾರೂ ನಗ್ತಿರಲಿಲ್ಲ, ಜಿಎಸ್‌ಟಿ ರಿಟರ್ನ್‌ಗೂ ಅದೇ ಅಂಕಿ ಹೋಗಿರೋದು. ಸಹಿ ಮಾವಂದು, ನೋಟಿಸ್ ಬರೋದೂ ಮಾವನಿಗೆ.

ಇದು ಲೈಬ್ರರಿ ತಪ್ಪು ಅಂತ ನಾನು ಹೇಳಲ್ಲ. ದಿನ ಮೊದಲು ಅಂತ ಹೇಳೋಕೆ 'ಡೇಫಸ್ಟ್' ಅನ್ನೋ ಆಯ್ಕೆ ಅದರಲ್ಲೇ ಇದೆ. ನಾನು ಹೇಳಲಿಲ್ಲ, ಅದು ತನಗೆ ಗೊತ್ತಿದ್ದ ರೂಢಿ ಹಿಡೀತು.

ನಮ್ಮ ಬಿಕಾಂನವರಿಗೆ ಇದಕ್ಕಿಂತ ಹತ್ತಿರದ ಇನ್ನೊಂದಿದೆ, ಈಗಲೇ ಮಾಡಿ ನೋಡಿ. ಪೈಥಾನ್‌ನಲ್ಲಿ 112.50ನ್ನ 'ರೌಂಡ್' ಮಾಡಿ. 112 ಬರುತ್ತೆ. ಎಕ್ಸೆಲ್‌ನಲ್ಲಿ ಮಾಡಿ, 113. ಪೈಥಾನ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತೆ; ಸಾವಿರಾರು ಅಂಕಿ ಕೂಡಿಸುವಾಗ ಎಲ್ಲಾ ಮೇಲಕ್ಕೇ ವಾಲಬಾರದು ಅಂತ. ಒಳ್ಳೇ ನಿಯಮವೇ. ಆದ್ರೆ ಸಿಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ತೆರಿಗೆ ಮೊತ್ತದಲ್ಲಿ 50 ಪೈಸೆ ಅಥವಾ ಜಾಸ್ತಿ ಇದ್ರೆ ಮುಂದಿನ ರೂಪಾಯಿ, ಕಮ್ಮಿ ಇದ್ರೆ ಬಿಟ್ಟುಬಿಡೋದು. ಆ ಸೆಕ್ಷನ್ ಓದಿರೋದು ನಾವು, ಪೈಥಾನ್ ಅಲ್ಲ. ಅರ್ಧ ಬಂದ್ರೆ ಮೇಲಕ್ಕೆ ಅಂತ ಹೇಳೋಕೆ 'ಡೆಸಿಮಲ್' ಅನ್ನೋ ಲೈಬ್ರರಿ ಪೈಥಾನ್ ಜೊತೆಗೇ ಬರುತ್ತೆ, ಅದನ್ನ ಬಳಸಿ.

ಹಾಗಂತ ಎಲ್ಲದಕ್ಕೂ ಲೈಬ್ರರಿ ಹುಡುಕೋದೂ ಒಂದು ಚಟ. ಜಾವಾಸ್ಕ್ರಿಪ್ಟ್‌ನವರ 'ಲೆಫ್ಟ್-ಪ್ಯಾಡ್' ಕಥೆ ಕೇಳಿದ್ದೀರಾ? ಅಕ್ಷರಗಳ ಎಡಗಡೆ ಸೊನ್ನೆನೋ ಖಾಲಿ ಜಾಗನೋ ತುಂಬೋ 11 ಸಾಲಿನ ಕೋಡ್. 2016ರ ಮಾರ್ಚ್‌ನಲ್ಲಿ ಬರೆದವನೇ ಅದನ್ನ ಎನ್‌ಪಿಎಂನಿಂದ ತೆಗೆದುಬಿಟ್ಟ, ಅದನ್ನ ನೆಚ್ಚಿಕೊಂಡಿದ್ದ ದೊಡ್ಡ ದೊಡ್ಡ ಪ್ರಾಜೆಕ್ಟ್‌ಗಳು ಬಿಲ್ಡ್ ಆಗದೆ ನಿಂತವು. ಕೆಲವೇ ಗಂಟೆಯಲ್ಲಿ ವಾಪಸ್ ಹಾಕಿದ್ರು ಬಿಡಿ. ಬಿಲ್ ನಂಬರ್ ಹಿಂದೆ ಸೊನ್ನೆ ಸೇರಿಸೋಕೆಲ್ಲ ಹೊರಗಿಂದ ತರಬೇಕಾ? ಅಷ್ಟು ನೀವೇ ಬರೀರಿ.

ತಾರೀಖು, ಫೈಲ್ ಓದೋದು, ಪಾಸ್‌ವರ್ಡ್ ಭದ್ರ ಮಾಡೋದು, ಇವನ್ನ ಮಾತ್ರ ಸ್ವಂತ ಬರೆಯೋ ಹಟ ಬೇಡ. ಆದ್ರೆ ಆಡಿಟಿಂಗ್ ಪೇಪರ್‌ನಲ್ಲಿ ವೋಚಿಂಗ್ ಓದ್ತೀವಲ್ಲ, ಅದನ್ನೇ ಇಲ್ಲೂ ಮಾಡಿ. ಐದಾರು ಬಿಲ್ ಕೈಗೆ ತಗೊಂಡು ತಾರೀಖು, ಸಾಮಾನು, ಮೊತ್ತ ಸ್ಕ್ರೀನ್‌ನಲ್ಲಿ ಹಾಗೇ ಇದೆಯಾ ನೋಡಿ. ಸುಲಭದ ಬಿಲ್ ಬೇಡ. ಕಾಮಾ ಇರೋದು, ಇಂಚು ಇರೋದು, 50 ಪೈಸೆ ಇರೋದನ್ನೇ ಆರಿಸಿ. ಹತ್ತು ನಿಮಿಷದ ಕೆಲಸ.

ನಾನು ಈಗ ಪ್ರತಿ ಫೈಲ್‌ಗೂ ಮಾಡ್ತೀನಿ. ಮಾವ ಮಾತ್ರ ಬಿಟ್ಟಿಲ್ಲ. ಹೋದ ಭಾನುವಾರ ಊಟಕ್ಕೆ ಕೂತಾಗ ಎಲ್ಲರ ಮುಂದೆ, "ಪುಟ್ಟಿ, ಮುಂದಿನ ದೀಪಾವಳಿ ವ್ಯಾಪಾರ ಹೆಂಗಾಗಿದೆ ಸ್ವಲ್ಪ ನೋಡಿ ಹೇಳೇ!"