ಹಾಸ್ಟೆಲ್ ಮಕ್ಕಳಿಗೂ ಈ ಲಸಿಕೆ ಸಿಗಲಿ



ವಿದೇಶದಲ್ಲಿ ಓದಲು ಹೊರಟವರಿಗೆಂದು ಕಳೆದ ವಾರ ನೀವು ಪ್ರಕಟಿಸಿದ ಲೇಖನದಲ್ಲಿ ಮೆನಿಂಜೈಟಿಸ್ ಲಸಿಕೆ ಫಾರೆಕ್ಸ್ ಕಾರ್ಡ್, ಪ್ರೆಶರ್ ಕುಕ್ಕರ್‌ಗಳ ಪಟ್ಟಿಯಲ್ಲಿ ಸೇರಿಹೋಗಿದೆ. ಕೊನೆಯ ವಾರ ಹಾಕಿಸಿಕೊಂಡರೂ ನಡೆಯುತ್ತದೆ ಎಂಬ ಸಲಹೆ ಬೇರೆ. ನಡೆಯುವುದಿಲ್ಲ. ನನ್ನ ಮಗಳು ಪದವಿಗೆ ಸೇರುತ್ತಿರುವ ಟೆಕ್ಸಾಸ್‌ನಲ್ಲಿ 22 ವರ್ಷದೊಳಗಿನ ಹೊಸ ವಿದ್ಯಾರ್ಥಿಗಳು ತರಗತಿ ಶುರುವಾಗುವ 10 ದಿನ ಮೊದಲೇ ಇದನ್ನು ಹಾಕಿಸಿಕೊಂಡಿರಬೇಕು, ಅಲ್ಲಿನ ಕಾನೂನೇ ಹಾಗಿದೆ. (ಎಂ.ಎಸ್.ಗೆ ಹೋಗುವ ನಮ್ಮ ಹೆಚ್ಚಿನ ಮಕ್ಕಳು ಆ ವಯಸ್ಸು ದಾಟಿರುತ್ತಾರೆ, ಅದು ಬೇರೆ ಮಾತು.) ಇನ್ನೊಂದು ವಿಷಯ, ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಲಸಿಕೆ ಈ ಬ್ಯಾಕ್ಟೀರಿಯಾದ ಎ, ಸಿ, ವೈ, ಡಬ್ಲ್ಯು ಗುಂಪುಗಳನ್ನು ತಡೆಯುತ್ತದೆ, ಬಿ ಗುಂಪನ್ನಲ್ಲ. 2013ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಹಬ್ಬಿದ್ದು ಬಿ. ಅಮೆರಿಕದಲ್ಲಿ ಆಗಿನ್ನೂ ಪರವಾನಗಿ ಇಲ್ಲದಿದ್ದ ಲಸಿಕೆಯನ್ನು ವಿಶೇಷ ಅನುಮತಿ ಪಡೆದು ತರಿಸಬೇಕಾಯಿತು.

ನನ್ನ ನಿಜವಾದ ತಕರಾರು ಇದಲ್ಲ. ಪರದೇಶದ ವಿಶ್ವವಿದ್ಯಾಲಯ ಕೇಳಿತು ಎಂಬ ಕಾರಣಕ್ಕಷ್ಟೇ ನಾವು ಈ ರೋಗದ ಹೆಸರೆತ್ತುತ್ತೇವೆ. ಹರೆಯದವರ ಮೂಗು, ಗಂಟಲಿನಲ್ಲಿ ಸದ್ದಿಲ್ಲದೆ ನೆಲೆಸುವ ಬ್ಯಾಕ್ಟೀರಿಯಾದಿಂದ ಬರುವ ರೋಗ ಇದು. ಒಂದೇ ಕೋಣೆಯಲ್ಲಿ ಮಲಗುವುದು, ಹತ್ತಿರದ ಕೆಮ್ಮು-ಸೀನು ಅದು ಹರಡಲು ಸಾಕು. ಅಮೆರಿಕದ ಡಾರ್ಮಿಟರಿಗೆ ಅನ್ವಯಿಸುವುದು ಮಂಗಳೂರಿನ ಪಿ.ಜಿ.ಗೆ, ಸರ್ಕಾರಿ ವಿದ್ಯಾರ್ಥಿನಿಲಯಕ್ಕೆ ಅನ್ವಯಿಸುವುದಿಲ್ಲವೇ? ನನ್ನ ಮಗ ಅಂಥದೊಂದು ಕೋಣೆಯಲ್ಲಿದ್ದಾನೆ, ನಾಲ್ವರಿಗೆ ಒಂದೇ ಕಿಟಕಿ. ಅವನನ್ನು ಯಾರೂ ಏನೂ ಕೇಳಿಲ್ಲ.

ಎಲ್ಲ ಕಾಲೇಜುಗಳಲ್ಲೂ ಕಡ್ಡಾಯ ಮಾಡಿ ಎನ್ನುತ್ತಿಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಸಾವಿರಾರು ರೂಪಾಯಿ ಬೆಲೆಯ ಲಸಿಕೆಯನ್ನು ಕಡ್ಡಾಯ ಮಾಡಿದರೆ ಬಡವರ ಮನೆಗೆ ಅದು ಇನ್ನೊಂದು ಶುಲ್ಕ. ಆದರೆ ಬೆಲೆ ಇಳಿಯಲಾರದು ಎಂದು ಯಾರಾದರೂ ಹೇಳಿದರೆ ನಂಬಲಾರೆ. 2010ರಲ್ಲಿ ಬುರ್ಕಿನಾ ಫಾಸೊದಿಂದ ಆರಂಭಿಸಿ ಆಫ್ರಿಕಾದ ಕೋಟ್ಯಂತರ ಜನರಿಗೆ ಹಾಕಿದ ಎ ಗುಂಪಿನ ಲಸಿಕೆ ತಯಾರಾದದ್ದು ನಮ್ಮ ಪುಣೆಯಲ್ಲಿ, ಡೋಸಿಗೆ ಅರ್ಧ ಡಾಲರಿಗಿಂತ ಕಡಿಮೆಗೆ. 1966, 1985, 2005ರಲ್ಲಿ ದೆಹಲಿಯನ್ನು ಕಾಡಿದ್ದೂ ಅದೇ ಎ ಗುಂಪು. ಹಾಗಿದ್ದೂ ನಮ್ಮ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಈ ಮೆನಿಂಗೋಕಾಕಲ್ (ಮೆನಿಂಜೈಟಿಸ್) ಲಸಿಕೆ ಇಲ್ಲ. ಹಜ್ ಯಾತ್ರಿಕರಿಗೆ ಮಾತ್ರ ಸರ್ಕಾರವೇ ಶಿಬಿರ ನಡೆಸಿ ಹಾಕುತ್ತದೆ, ಸೌದಿ ಅರೇಬಿಯಾ ಕೇಳುತ್ತದೆ ಎಂದು. ಇದೂ ಹೊರಗಿನವರು ಕೇಳಿದ್ದಕ್ಕೇ!

ಲಸಿಕೆಗಿಂತ ಅಗ್ಗದ ಕೆಲಸವೂ ಆಗಿಲ್ಲ. ಜ್ವರವೆಂದರೆ ವಾರ್ಡನ್ ಒಂದು ಡೋಲೊ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಜ್ವರದ ಜೊತೆ ಕತ್ತು ಸೆಟೆದರೆ, ಬೆಳಕು ನೋಡಲಾಗದಿದ್ದರೆ, ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಕಲೆ ಮೈಮೇಲೆ ಕಂಡರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಈ ರೋಗ ಒಂದೇ ದಿನದಲ್ಲಿ ಜೀವ ತೆಗೆಯಬಲ್ಲದು. ಚಿಕಿತ್ಸೆ ಸಿಕ್ಕರೂ ಹತ್ತರಲ್ಲಿ ಒಬ್ಬರಾದರೂ ಸಾಯುತ್ತಾರೆ, ಉಳಿದವರಲ್ಲಿ ಹಲವರು ಕೇಳುವ ಶಕ್ತಿಯನ್ನೋ ಬೆರಳುಗಳನ್ನೋ ಕಳೆದುಕೊಳ್ಳುತ್ತಾರೆ. ಕೋಣೆಯ ಜೊತೆಗಾರರಿಗೂ ತಕ್ಷಣ ಮುಂಜಾಗ್ರತೆಯ ಆ್ಯಂಟಿಬಯಾಟಿಕ್ ಕೊಡಬೇಕು. ಇದಿಷ್ಟನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಪ್ರತಿ ಹಾಸ್ಟೆಲಿನ ಗೋಡೆಗೆ ಅಂಟಿಸಲು ಎಷ್ಟು ಖರ್ಚಾದೀತು?

ಆರೋಗ್ಯ ಇಲಾಖೆ ಜೂನ್‌ ಒಳಗೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಾದರೂ ಈ ಲಸಿಕೆಯನ್ನು ನಿಗದಿತ ದರಕ್ಕೆ ಇಡಲಿ. ಹೊರದೇಶಕ್ಕೆ ಹೋಗುವವರು ದುಡ್ಡು ಕೊಟ್ಟು ಹಾಕಿಸಿಕೊಳ್ಳಲಿ, ಸರ್ಕಾರಿ ವಿದ್ಯಾರ್ಥಿನಿಲಯದವರಿಗೆ ಇಲಾಖೆಯೇ ಭರಿಸಲಿ.

— ವಿದ್ಯಾರ್ಥಿಗಳಿಬ್ಬರ ತಾಯಿ, ದಾವಣಗೆರೆ